ಹೆಂಡತಿಯ ಪಾಲಿನ ರಾಕಿಯಾ

ಸಂತ ನಿಕೊಲಾನ ಹಬ್ಬದ ಬೆಳಿಗ್ಗೆ ಮೊದಲ ಅತಿಥಿ ಬಾಗಿಲು ತಟ್ಟಿದಾಗ ರಾಸ್ತ್ಕೊ ಮೇಷ್ಟ್ರ ಎದೆ ಧಸಕ್ಕೆಂದಿತು. ಮನೆತನದ ಹಬ್ಬ, ಇದಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬರುವವರು ಅವರಾಗಿಯೇ ಬರುತ್ತಾರೆ. ಬಂದವರಿಗೆ ಮೊದಲು ಒಂದು ಚಮಚ ಸಿಹಿ ಗೋಧಿ, ಆಮೇಲೆ ಪ್ಲಮ್ ಹಣ್ಣಿನ ಹೆಂಡವಾದ ರಾಕಿಯಾ, ಅದರ ಬೆನ್ನಿಗೆ ಕಾಫಿ. ಮನೆಯ ಗಂಡ ಹೆಂಡತಿ ಇಬ್ಬರೂ ಬಂದವರೊಡನೆ ಗ್ಲಾಸು ತಾಗಿಸಿ ಕುಡಿಯಬೇಕು. ಚಾಚಕ್ ಊರಿನ ಆ ಐದು ಮಹಡಿಯ ಕಟ್ಟಡದಲ್ಲಿ ಮದುವೆಯಾದ ಹೆಂಗಸು ಹಬ್ಬದ ರಾಕಿಯಾ ಬೇಡವೆಂದರೆ ಅರ್ಥ ಒಂದೇ: ಬಸುರಿ.

ಮೇಷ್ಟ್ರ ಹೆಂಡತಿ ಬೊಯಾನಾ ಬಸುರಿಯಲ್ಲ. ಆಗಲು ಹೊರಟಿದ್ದಳು.

ಅವಳಿಗೆ ಮೂವತ್ತೊಂಬತ್ತು. "ವಯಸ್ಸನ್ನ ಹಿಂದಕ್ಕೆ ತಿರುಗಿಸೋ ಔಷಧಿ ನನ್ನ ಹತ್ರ ಇಲ್ಲಮ್ಮ" ಎಂದಿದ್ದರು ಪಕ್ಕದ ನಗರದ ವೈದ್ಯೆ. "ಆದ್ರೆ ಮೂರು ತಿಂಗಳಾದ ಮೇಲೆ ಪಕ್ವವಾಗೋ ಅಂಡಾಣು ಇವತ್ತಿಂದಲೇ ತಯಾರಾಗ್ತಾ ಇರುತ್ತೆ. ಅದಕ್ಕೆ ಒಳ್ಳೇ ಊಟ ಹಾಕು, ನಿದ್ದೆ ಕೊಡು, ಹೊಗೆ ಮತ್ತೆ ಹೆಂಡದಿಂದ ದೂರ ಇಡು. ಆಮೇಲೆ ಅದನ್ನ ಹೊರಗೆ ತೆಗೆದು ಪ್ರಯತ್ನ ಮಾಡೋಣ."

ದಿನಕ್ಕೊಂದು ಪ್ಯಾಕು ಸಿಗರೇಟು, ಐದು ಕಾಫಿ ಎಂದು ಬದುಕಿದ್ದ ಬೊಯಾನಾ ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಪ್ಯಾಕನ್ನು ಹಿಂಡಿ ಬಿಸಾಕಿದಳು. ಮೀನು, ಸೊಪ್ಪು, ಆಕ್ರೋಟು, ಫೋಲಿಕ್ ಮಾತ್ರೆ, ನದಿಯ ದಂಡೆಯಲ್ಲಿ ನಡಿಗೆ, ಹತ್ತಕ್ಕೆ ದೀಪ ಬಂದ್. ಇವತ್ತಿಗೆ ಎಂಬತ್ತೊಂಬತ್ತು ದಿನ. ಸಂಜೆ ಪಕ್ಕದ ಮನೆಯ ಕಾಫಿಯ ಘಮ ಕಿಟಕಿಯಿಂದ ಬಂದರೆ ಅವಳು ಕಣ್ಣು ಮುಚ್ಚಿ ಸುಮ್ಮನೆ ನಿಲ್ಲುತ್ತಿದ್ದಳು. ಘಮ ಹೋದ ಮೇಲೆ ಕಣ್ಣು ತೆರೆದು ಪಾತ್ರೆ ತೊಳೆಯುತ್ತಿದ್ದಳು. ಇದಕ್ಕಿಂತ ಕಡಿಮೆ ಸಾಧಿಸಿದವರಿಗೆ ಊರ ಚೌಕದಲ್ಲಿ ಕಂಚಿನ ಪ್ರತಿಮೆ ನಿಲ್ಲಿಸಿದ್ದಾರಲ್ಲ ಎಂದು ರಾಸ್ತ್ಕೊಗೆ ಅನ್ನಿಸುತ್ತಿತ್ತು.

ಅವಳು ಕೇಳಿದ್ದು ಒಂದೇ. "ಈ ಸಲ ಕಟ್ಟಡಕ್ಕೆ ಗೊತ್ತಾಗಬಾರ್ದು. ಆದ್ರೂ, ಆಗದಿದ್ರೂ, ನಮ್ಮಿಬ್ಬರಲ್ಲೇ ಇರ್ಲಿ." ಎರಡು ವರ್ಷದ ಹಿಂದೆ ಬಸುರಾದಾಗ ಎರಡನೇ ತಿಂಗಳಲ್ಲೇ ಸುದ್ದಿ ಹಬ್ಬಿ, ಹನ್ನೊಂದು ಜೊತೆ ಪುಟ್ಟ ಉಣ್ಣೆ ಕಾಲುಚೀಲಗಳು ಮನೆ ಸೇರಿದ್ದವು. ಮೂರನೇ ತಿಂಗಳಲ್ಲಿ ಎಲ್ಲ ಮುಗಿದಾಗ, ಹೆಣೆದವರೆಲ್ಲ ಬಂದು, ಸೋಫಾದ ಮೇಲೆ ಸಾಲಾಗಿ ಕೂತು, ಏನೂ ಮಾತಾಡದೆ ಎದ್ದು ಹೋಗಿದ್ದರು. ಆ ಮೌನವನ್ನು ಬೊಯಾನಾ ಇನ್ನೊಮ್ಮೆ ತಡೆದುಕೊಳ್ಳುವುದು ಸಾಧ್ಯವಿರಲಿಲ್ಲ.

ಹಾಗಾಗಿ ರಾಸ್ತ್ಕೊ ಉಪಾಯ ಹೂಡಿದ್ದ. ಹೆಂಡತಿಯ ಪಕ್ಕಕ್ಕೆ ಅಂಟಿ ನಿಲ್ಲುವುದು. ಎಲ್ಲರೂ ತಲೆ ಮೇಲೆತ್ತಿ ಗ್ಲಾಸು ಬರಿದು ಮಾಡುವ ಗಳಿಗೆಯಲ್ಲಿ ತನ್ನದನ್ನು ಮುಗಿಸಿ, ಖಾಲಿಯನ್ನು ಅವಳ ಕೈಗಿಟ್ಟು, ಅವಳದನ್ನೂ ಗುಟುಕರಿಸುವುದು. ಕಾಫಿಗೂ ಇದೇ ವ್ಯವಸ್ಥೆ.

ಮಧ್ಯಾಹ್ನದ ಹೊತ್ತಿಗೆ ಅವನೊಳಗೆ ಎಂಟು ರಾಕಿಯಾ, ಆರು ಕಾಫಿ ಸೇರಿದ್ದವು. ಒಂದು ಮಲಗು ಎನ್ನುತ್ತಿತ್ತು, ಇನ್ನೊಂದು ಓಡು ಎನ್ನುತ್ತಿತ್ತು. ಅವನು ಎರಡು ದಿಕ್ಕಿಗೆ ಎಳೆಯುವ ಎತ್ತುಗಳ ಗಾಡಿಯಂತೆ ಕೋಣೆಯ ನಡುವೆ ಕಿರುಗುಟ್ಟುತ್ತಾ ನಿಂತಿದ್ದ. ಮೂರನೇ ಮಹಡಿಯ ಚೆದೊಮಿರ್‌ಗೆ ಪದ್ಧತಿಯಂತೆ ಕೆನ್ನೆಗೆ ಮೂರು ಮುತ್ತು ಕೊಟ್ಟು, ಸಾಲದೆಂದು ಇನ್ನೂ ಮೂರು ಕೊಟ್ಟ. ಮೀನಿನ ಸಾರನ್ನು ಸಿಹಿ ಗೋಧಿಯ ಬಟ್ಟಲಿಗೆ ಬಡಿಸಿದ.

ಅಷ್ಟರಲ್ಲಿ ಎದುರು ಮನೆಯ ಸ್ತಾನಿಯಾ ಬಂದಳು. ಎಪ್ಪತ್ತರ ಆಕೆ ಕಟ್ಟಡದ ಕಣ್ಣು, ಕಿವಿ, ಬಾಯಿ. ಬಂದವಳೇ ಗಂಡ ಹೆಂಡಿರ ನಡುವೆ ಮೂಟೆಯಂತೆ ಕೂತಳು.

"ನಿಮ್ಮಿಬ್ಬರ ಆರೋಗ್ಯಕ್ಕೆ! ಎತ್ತೇ ಕೂಸೇ, ಯಾಕೆ ಹಿಡ್ಕೊಂಡೇ ಕೂತಿದೀಯ?"

ಬೊಯಾನಾಳ ಗ್ಲಾಸು ತುಟಿಯ ಹತ್ತಿರ ಬಂದು ನಿಂತಿತು. ಅವಳ ಕಣ್ಣು ರಾಸ್ತ್ಕೊನನ್ನು ಹುಡುಕಿತು. ಅವನು ಬೇರೇನೂ ತೋಚದೆ ಸ್ತಾನಿಯಾಳ ಮಡಿಲ ಮೇಲೆ ಹಾದು, ಹೆಂಡತಿಯ ಕೈಯಿಂದ ಗ್ಲಾಸು ಕಿತ್ತು, ಒಂದೇ ಗುಟುಕಿಗೆ ಇಳಿಸಿಬಿಟ್ಟ.



"ಹೆಂಡತಿ ಗ್ಲಾಸಿಗೂ ಕೈ ಹಾಕ್ತೀಯಲ್ಲೋ!" ಎಂದಳು ಸ್ತಾನಿಯಾ. "ಮಕ್ಕಳಿಗೆ ಪಾಠ ಹೇಳೋನು!"

"ಬಾಯಾರಿಕೆ ಅತ್ತೆ" ಎಂದ ರಾಸ್ತ್ಕೊ.

"ಬಾಯಾರಿಕೆಯಂತೆ. ಮೊರಾವಾ ನದಿಗೆ ಹೋಗಿ ಬಾಯಿ ಹಚ್ಚು, ಹೋಗು!"

ಎಲ್ಲರೂ ನಕ್ಕರು. ಗುಟ್ಟು ಉಳಿಯಿತು, ಮಾನ ಹೋಯಿತು. ಲಾಭವೇ ಎಂದುಕೊಂಡ ರಾಸ್ತ್ಕೊ.

ಆಗ ಬಾಗಿಲಲ್ಲಿ ಚೆದೊಮಿರ್‌ನ ಹೊಸ ಸೊಸೆ ಕಾಣಿಸಿಕೊಂಡಳು. ಗಂಡ ಹೆಂಡತಿ ಇಬ್ಬರ ಮುಖವೂ ಒಟ್ಟಿಗೆ ಬಿಳುಚಿತು. ತಿಯಾನಾ! ಆಸ್ಪತ್ರೆಯಲ್ಲಿ ಪ್ರತಿ ತಿಂಗಳೂ ಬೊಯಾನಾಳ ರಕ್ತ ತೆಗೆಯುತ್ತಿದ್ದ ನರ್ಸು.

"ನಮ್ಮ ತಿಯಾನಾ. ದೊಡ್ಡಾಸ್ಪತ್ರೆ ನರ್ಸು" ಎಂದು ಚೆದೊಮಿರ್ ಎದೆಯುಬ್ಬಿಸಿದ.

ತಿಯಾನಾ ಇಬ್ಬರನ್ನೂ ನೋಡಿದಳು. ರೆಪ್ಪೆ ಕೂಡ ಅಲುಗಲಿಲ್ಲ. "ನಿಮ್ಮನ್ನೆಲ್ಲ ನೋಡಿ ಸಂತೋಷ" ಎಂದಳು, ಮೊದಲ ಸಲ ಕಂಡವಳಂತೆ. ರಾಸ್ತ್ಕೊಗೆ ಅವಳ ಕಾಲಿಗೆ ಬೀಳಬೇಕೆನ್ನಿಸಿತು. ಆದರೆ ಸ್ವಲ್ಪ ಹೊತ್ತಿಗೆ ಅವಳೇ ಅವನನ್ನು ಬಾಲ್ಕನಿಗೆ ಕರೆದು ಗಾಜಿನ ಬಾಗಿಲು ಎಳೆದುಕೊಂಡಳು.

"ಮೇಷ್ಟ್ರೇ, ಬೆಳಿಗ್ಗೆಯಿಂದ ಆಸ್ಪತ್ರೆಯವರು ನಿಮಗೆ ಫೋನ್ ಮಾಡ್ತಾನೇ ಇದ್ದಾರೆ, ನೀವು ಎತ್ತಿಲ್ಲ. ಬೊಯಾನಾ ಅವರದ್ದು ಎಲ್ಲಾ ಚೆನ್ನಾಗಿದೆ. ಡಾಕ್ಟರಿಗೇ ಆಶ್ಚರ್ಯ. ಇಷ್ಟು ಶಿಸ್ತು ನಾನು ನೋಡಿಲ್ಲ ಅಂದ್ರು."

"ಹಾಗಾದ್ರೆ ಮುಂದಿನ ವಾರ..."

"ಇಲ್ಲ." ಅವಳು ಅವನ ಭುಜದ ಮೇಲೆ ಕೈಯಿಟ್ಟಳು. "ಈಗ ತಡ ಆಗ್ತಿರೋದು ನಿಮ್ಮಿಂದ. ನಿಮ್ಮ ವೀರ್ಯದ ಪರೀಕ್ಷೆ ಬಂತು. ಅರ್ಧಕ್ಕರ್ಧ ಮಲಗೇ ಇದಾವೆ, ಎದ್ದಿರೋವೂ ದಾರಿ ತಪ್ಪಿ ಸುತ್ತುತ್ತಿದಾವೆ. ಅದಕ್ಕೂ ತಯಾರಾಗೋಕೆ ಮೂರು ತಿಂಗಳು ಬೇಕು. ಇವತ್ತಿಂದ ರಾಕಿಯಾ ಇಲ್ಲ, ಸಿಗರೇಟಿಲ್ಲ, ಕಾಫಿ ಆದಷ್ಟು ಕಡಿಮೆ. ಅಲ್ಲೀವರೆಗೆ ಅವರೂ ಹೀಗೇ ಮುಂದುವರಿಸಲಿ."

ರಾಸ್ತ್ಕೊ ಒಳಗೆ ಬಂದಾಗ ಅವನ ಮುಖ ಹಬ್ಬದ ಮೇಣದ ಬತ್ತಿಯಂತಿತ್ತು. ಚೆದೊಮಿರ್ ಗ್ಲಾಸು ತುಂಬಿ ಕೊಟ್ಟ. ಎಲ್ಲರೂ ಎದ್ದು ನಿಂತರು. ರಾಸ್ತ್ಕೊ ಗ್ಲಾಸನ್ನು ನೋಡಿದ. ಆಮೇಲೆ ಬೊಯಾನಾಳನ್ನು ನೋಡಿದ. ಎಂಬತ್ತೊಂಬತ್ತು ದಿನ. ಅವನು ಒಂದನೆಯ ದಿನವನ್ನೂ ದಾಟದಿದ್ದರೆ?

"ನನಗೆ ಬೇಡ" ಎಂದು ಗ್ಲಾಸನ್ನು ಮೇಜಿನ ಮೇಲಿಟ್ಟ.

ಒಂದು ಗಂಟೆಯ ಹಿಂದೆ ಹೆಂಡತಿಯ ಗ್ಲಾಸನ್ನೇ ಕಿತ್ತು ಕುಡಿದವನು! ಎಲ್ಲರ ಕಣ್ಣೂ ಗಾಜಿನ ಬಾಗಿಲ ಕಡೆ ಹೋಯಿತು, ಅಲ್ಲಿಂದ ನರ್ಸಿನ ಕಡೆ, ಅಲ್ಲಿಂದ ಅವನ ಮುಖದ ಕಡೆ. ಸ್ತಾನಿಯಾ ಶಿಲುಬೆಯ ಗುರುತು ಹಾಕಿಕೊಂಡಳು.

"ಡಾಕ್ಟರು ಬೇಡ ಅಂದ್ರೇನೋ ಮಗನೇ?"

"ಹೌದು."

"ಎಷ್ಟು ದಿನ ಅಂದ್ರು?"

"ಮೂರು ತಿಂಗಳು."

ಚೆದೊಮಿರ್ ಶವದ ಮುಂದೆ ನಿಂತವನಂತೆ ತಲೆಯ ಮೇಲಿನ ಟೋಪಿ ತೆಗೆದ. ಅದನ್ನು ಕಂಡ ಮೇಲೆಯೇ ರಾಸ್ತ್ಕೊಗೆ ಇವರೆಲ್ಲ ಏನು ತಿಳಿದುಕೊಂಡರೆಂದು ಹೊಳೆದದ್ದು. ಅಲ್ಲವೆಂದು ಹೇಳಲು ಬಾಯಿ ತೆರೆದ. ನಿಜ ಹೇಳಿದರೆ ಬೊಯಾನಾಳ ಗುಟ್ಟು ಹೊರಬೀಳುತ್ತದೆ. ಬಾಯಿ ಮುಚ್ಚಿದ.

ಸ್ತಾನಿಯಾ ಬೊಯಾನಾಳ ಕೈಯಿಂದ ಗ್ಲಾಸು ತಾನೇ ತೆಗೆದುಕೊಂಡಳು. "ನೀನೂ ಕುಡೀಬೇಡ ಕೂಸೇ. ಇನ್ಮೇಲೆ ನಿನ್ನ ಆರೋಗ್ಯ ನೀನು ನೋಡ್ಕೋಬೇಕು. ಕಾಫಿ ಬಿಡು, ಚೆನ್ನಾಗಿ ತಿನ್ನು, ಹೊತ್ತಿಗೆ ಸರಿಯಾಗಿ ಮಲಗು. ನಿನ್ನನ್ನ ಯಾರೂ ಏನೂ ಬಲವಂತ ಮಾಡದ ಹಾಗೆ ನಾನು ನೋಡ್ಕೋತೀನಿ."

ಬೆಳಿಗ್ಗೆಯಿಂದ ರಾಸ್ತ್ಕೊ ಒಂಬತ್ತು ಗ್ಲಾಸು ಕುಡಿದು ಕಾಪಾಡಿದ್ದನ್ನು ಆಕೆ ಒಂದೇ ಮಾತಿನಲ್ಲಿ ದಯಪಾಲಿಸಿದಳು.

ಚೆದೊಮಿರ್ ಹತ್ತಿರ ಸರಿದು ಕೆಮ್ಮಿದ. "ಮೇಷ್ಟ್ರೇ, ಬೇಜಾರು ಮಾಡ್ಕೋಬೇಡಿ. ಆ ಕೆಳಗಿನ ನಿಮ್ಮ ಗ್ಯಾರೇಜು... ನಿಮ್ಮ ನಂತರ ಅದನ್ನ ಕೊಡ್ತೀನಿ ಅಂತ ಯಾರಿಗೂ ಮಾತು ಕೊಟ್ಟಿಲ್ಲ ತಾನೆ?"

ಅಡುಗೆಮನೆಯಲ್ಲಿ ತಿಯಾನಾ ಬೊಯಾನಾಳ ಕಿವಿಯಲ್ಲಿ ಏನೋ ಹೇಳಿದಳು. ಬೊಯಾನಾ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡಳು. ಭುಜಗಳು ಗಡಗಡ ಕುಲುಕತೊಡಗಿದವು.

"ಪಾಪ, ಹೇಗೆ ಅಳ್ತಿದೆ ನೋಡಿ" ಎಂದಳು ಸ್ತಾನಿಯಾ, ತಾನೂ ಮೂಗೊರೆಸಿಕೊಳ್ಳುತ್ತಾ.

ಬೊಯಾನಾ ನಗುತ್ತಿದ್ದಳು. ಮೂರು ತಿಂಗಳಲ್ಲಿ ಮೊದಲ ಸಲ. ರಾಸ್ತ್ಕೊಗೆ ಮಾತ್ರ ಅದು ಗೊತ್ತಿತ್ತು. ಸಂತಾಪದ ಮುತ್ತುಗಳನ್ನು ಸಾಲಾಗಿ ಸ್ವೀಕರಿಸುತ್ತಾ ಅವನು ಇನ್ನೊಂದನ್ನು ಯೋಚಿಸುತ್ತಿದ್ದ: ತೊಂಬತ್ತು ದಿನ ಹೇಗೋ ತಳ್ಳಬಹುದು, ತೊಂಬತ್ತೊಂದನೆಯ ದಿನ ಯಾಕೆ ಸಾಯಲಿಲ್ಲವೆಂದು ಈ ಕಟ್ಟಡಕ್ಕೆ ಏನು ಹೇಳುವುದು?