ದಾರದ ರೀಲಿನಲ್ಲಿ ಗುಲಾಬಿ ಎಲೆ

"ಈ ಬೆಟ್ಟದ ಜೇನ್ನೊಣಗಳೆಲ್ಲ ಇನ್ನು ನಮ್ಮ ಅಂಗಳದಲ್ಲೇ ಸಾಲುಗಟ್ಟಿ ನಿಲ್ತವೆ ನೋಡು," ಎಂದು ದರ್ಜಿ ಹೆಂಡತಿಯ ಮುಂದೆ ಎದೆ ತಟ್ಟಿಕೊಂಡ.

ತೀರಿಹೋದ ತಾಯಿ ಅವಳಿಗೆ ಕೊಟ್ಟಿದ್ದ ಸೌತೆ ಬೀಜಗಳಲ್ಲಿ ಉಳಿದಿದ್ದವು ಮೂರೇ; ಮೂರನ್ನೂ ಬಿತ್ತಿಯಾಗಿತ್ತು. ಬಳ್ಳಿ ತುಂಬ ಹೂವು. ಆದರೆ ಹೂವಿನಿಂದ ಹೂವಿಗೆ ಹೋಗುವ ಜೇನೇ ಇಲ್ಲದೆ ಹೀಚೆಲ್ಲ ಹಳದಿಯಾಗಿ ಉದುರುತ್ತಿತ್ತು. ಚಳಿಗೆ ಮುಂಚೆ ಒಂದು ಕಾಯಾದರೂ ಬಲಿಯದಿದ್ದರೆ ಆ ತಳಿ ಅಲ್ಲಿಗೆ ಮುಗಿಯಿತು.

ದರ್ಜಿ ಪೇಟೆಯಿಂದ ತಂದು ನೆಟ್ಟದ್ದು ಪದರ ಪದರವಾಗಿ ನೆರಿಗೆ ಹಿಡಿದ ದೊಡ್ಡ ಹೂಗಳನ್ನು. ಬಂದ ಒಂದೇ ಒಂದು ಜೇನು, ಬಾಗಿಲು ಸಿಗದ ನೆಂಟನಂತೆ ಸುತ್ತು ಹೊಡೆದು ಹೊರಟುಹೋಯಿತು.

"ಬರೀ ನೆರಿಗೆ ರೀ, ಒಳಗೇನೂ ಇಲ್ಲ. ಇಲ್ಲಿನ ಜೇನಿಗೆ ಇಲ್ಲಿನ ಊಟ ಹಾಕಿ."

ಬೆಟ್ಟದ ಗಿಡಗಳನ್ನೇ ಸಾಕಿ ಮಾರುವ ಅಜ್ಜಿಯ ಹತ್ತಿರ ಹೋಗಿ ಅವನು ತುಂಬೆ, ಕಾಡುಸೇವಂತಿಗೆ, ಒಂದು ನೀಲಿ ಹೂವು ತಂದ. "ಒಂದು ಬಾಡೋವಾಗ ಇನ್ನೊಂದು ಅರಳ್ತಿರಬೇಕಪ್ಪ," ಎಂದಿದ್ದಳು ಅಜ್ಜಿ.

ವಾರದಲ್ಲಿ ಹೆಂಡತಿಯ ಗುಲಾಬಿ ಗಿಡದ ಎಲೆಗಳ ಅಂಚೆಲ್ಲ ತೂತು.

"ಏನ್ರೀ ಇದು? ಗುಂಡಿ ಇಟ್ಟು ಕತ್ತರಿಸಿದ ಹಾಗಿದೆ."

"ನಾನಲ್ಲ ಕಣೇ."

"ನೀವಲ್ಲದೆ ಇಷ್ಟು ದುಂಡಗೆ ಯಾರು ಕತ್ತರಿಸ್ತಾರೆ?"

ಇದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಅವನು ಹೊಲಿಗೆ ಯಂತ್ರದ ಮುಂದೆ ಕುಳಿತ. ಕಿಟಕಿಯಲ್ಲಿದ್ದ ಬಿಳಿ ದಾರದ ರೀಲು ತೆಗೆದು ಕಡ್ಡಿಗೆ ಸಿಕ್ಕಿಸಹೋದರೆ ಇಳಿಯಲೊಲ್ಲದು. ಇಣುಕಿದ. ತೂತಿನ ತುಂಬ ಸುರುಳಿ ಸುತ್ತಿದ ಗುಲಾಬಿ ಎಲೆ! ಬಚ್ಚಿಡುವಷ್ಟರಲ್ಲಿ ಹೆಂಡತಿ ಬೆನ್ನ ಹಿಂದೆ ನಿಂತಿದ್ದಳು.

"ಕದ್ದ ಮಾಲು ಕೈಯಲ್ಲೇ ಇದೆ."

ಆಗ ಕಿಟಕಿಯಿಂದ ಎಲೆ ಕತ್ತರಿಸಿ ಗೂಡು ಕಟ್ಟುವ ಜಾತಿಯ ಒಂದು ಜೇನು ಒಳಬಂತು, ಹೊಟ್ಟೆಯಡಿ ದುಂಡನೆಯ ಎಲೆಚೂರು ಹಿಡಿದು. ದರ್ಜಿಯ ಕೈಯಲ್ಲಿದ್ದ ರೀಲಿನ ಮೇಲೇ ಇಳಿದು, ಎಲೆಯನ್ನು ತೂತಿಗೆ ತುರುಕಿ ಗೂಡು ಭದ್ರಪಡಿಸಿ, ನೇರ ಸೌತೆ ಹೂವಿಗೆ ಹಾರಿತು.

"ಚಾಕ್‌ಪೀಸಿಲ್ಲ, ಟೇಪಿಲ್ಲ, ಹೇಗೆ ಕತ್ತರಿಸಿದೆ ನೋಡಿ!" ಹೆಂಡತಿಯ ದನಿ ಮೆತ್ತಗಾಯಿತು. "ಆ ರೀಲು ಇದ್ದಲ್ಲೇ ಇಡಿ. ಅಲುಗಿಸಬೇಡಿ."

"ನಾಳೆ ಆಸ್ಪತ್ರೆ ಕಂಪೌಂಡರ್‌ಗೆ ಅಂಗಿ ಕೊಡಬೇಕು ಕಣೇ. ಬಿಳಿ ದಾರ ಇದೊಂದೇ."

"ನೀಲೀಲಿ ಹೊಲೀರಿ."

ಬಿಳಿ ಅಂಗಿಗೆ ನೀಲಿ ಹೊಲಿಗೆ ಕಂಡ ಕಂಪೌಂಡರ್ ವಾರವಿಡೀ ಮಾತು ಬಿಟ್ಟ. ಬಳ್ಳಿಯಲ್ಲಿ ಮಾತ್ರ ಹೀಚು ಉದುರುವುದು ನಿಂತಿತು. ಒಂದು ಕಾಯಿ ಕಚ್ಚಿತು, ಆಮೇಲೆ ಎರಡು, ಆಮೇಲೆ ಐದು. ಎಲ್ಲಕ್ಕಿಂತ ದಪ್ಪಗಿದ್ದುದನ್ನು ಬೀಜಕ್ಕೆಂದು ಆರಿಸಿ, ದರ್ಜಿ ಗುರುತಿಗಾಗಿ ಅದರ ನಡುವಿಗೆ ಕೆಂಪು ದಾರ ಸುತ್ತಿ ಗಂಟು ಹಾಕತೊಡಗಿದ.

ಹೆಂಡತಿ ಕಣ್ಣೊರೆಸಿಕೊಂಡು ಅವನ ಕೈ ತಡೆದಳು.

"ಸಡಿಲ ಕಟ್ರೀ. ಅಮ್ಮನ ಸೌತೆ ಇನ್ನೂ ಬೆಳೀಬೇಕು. ಬಿಗಿ ಆಯ್ತು ಅಂತ ವಾಪಸ್ ಬಂದು ಜಗಳ ಆಡೋಕೆ ಇದೇನು ನಿಮ್ಮ ಗಿರಾಕಿಯೇ?"