ಒತ್ತು ಕೊಡದ ಲ್ಯಾಪ್‌ಟಾಪ್

“ಹೆಂಡತಿಯನ್ನೂ ಲ್ಯಾಪ್‌ಟಾಪ್ ಕಂಪನಿಯನ್ನೂ ಮನುಷ್ಯ ಜೀವನದಲ್ಲಿ ಒಂದೇ ಸಲ ಆರಿಸಬೇಕು. ನಾನಂತೂ ಎರಡನ್ನೂ ಬದಲಾಯಿಸೋನಲ್ಲ” ಎಂದು ಮೇಷ್ಟ್ರು ಶನಿವಾರ ಬೆಳಿಗ್ಗೆ ಕಾಫಿ ಲೋಟವನ್ನು ರಾಜದಂಡದಂತೆ ಎತ್ತಿ ಹಿಡಿದು ಘೋಷಿಸಿದರು.

“ಎರಡರಲ್ಲಿ ಯಾವುದರ ವಾರಂಟಿ ಮೊದಲು ಮುಗೀತು ಅಂತ ನೆನಪಿದೆಯಾ?” ಎಂದಳು ಹೆಂಡತಿ.

ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ‘ಈ ಗಾಜಲ್ಲಿ ಚೆನ್ನಾಗಿ ಕಾಣುತ್ತಾ, ಆ ಗಾಜಲ್ಲಾ?’ ಎಂದು ದಿನಕ್ಕೆ ನಲವತ್ತು ಜನರನ್ನು ಕೇಳಿ ಕೇಳಿ, ಮನೆಯಲ್ಲೂ ಅವಳ ಪ್ರಶ್ನೆಗಳು ತಪ್ಪಿಸಿಕೊಳ್ಳಲು ಜಾಗ ಕೊಡುತ್ತಿರಲಿಲ್ಲ.

ಮೇಷ್ಟ್ರ ನಿಷ್ಠೆಗೆ ಹನ್ನೊಂದು ವರ್ಷದ ಇತಿಹಾಸವಿತ್ತು. ಅವರು ಕೊಂಡ ಮೊದಲ ಲ್ಯಾಪ್‌ಟಾಪ್ ಕಬ್ಬಿಣದ ಪೆಟ್ಟಿಗೆಯಂತಿತ್ತು. ಒಮ್ಮೆ ಮಹಡಿ ಮೆಟ್ಟಿಲಿನಿಂದ ಉರುಳಿ ಬಿದ್ದಾಗ ಮುರಿದದ್ದು ಮೆಟ್ಟಿಲು. ಲ್ಯಾಪ್‌ಟಾಪನ್ನು ಎತ್ತಿ ಧೂಳು ಒರೆಸಿ ತೆರೆದರೆ, ನಿಂತ ವಾಕ್ಯದಲ್ಲೇ ಕರ್ಸರ್ ಮಿನುಗುತ್ತಿತ್ತು. ಅಂದಿನಿಂದ ಮೇಷ್ಟ್ರು ಆ ಕಂಪನಿಯ ಭಕ್ತರು. ಎರಡನೆಯದು ಸ್ವಲ್ಪ ತೆಳ್ಳಗಾಯಿತು, ಅದರ ಕೀಲು ಎರಡೇ ವರ್ಷಕ್ಕೆ ಸಡಿಲವಾಗಿ ಪರದೆ ಹಿಂದಕ್ಕೆ ವಾಲಿಕೊಂಡು ಆಕಾಶ ನೋಡತೊಡಗಿತು. ಈಗಿನ ಮೂರನೆಯದು ಊಟದ ತಟ್ಟೆಗಿಂತ ತೆಳು. ಅದನ್ನು ಒಂದು ಕೈಯಲ್ಲಿ ಎತ್ತಿದರೆ ಮೂಲೆಯಲ್ಲಿ ಕಿರ್ರೆನ್ನುತ್ತದೆ. ಮೇಷ್ಟ್ರು ಅದಕ್ಕೂ ಸಮಜಾಯಿಷಿ ಇಟ್ಟುಕೊಂಡಿದ್ದರು: “ವಯಸ್ಸಾದ ಮೇಲೆ ಯಾರು ತಾನೇ ಕಿರುಗುಟ್ಟಲ್ಲ?”

“ಅದಕ್ಕೆ ಹದಿನಾಲ್ಕು ತಿಂಗಳು ರೀ” ಎಂದಿದ್ದಳು ಹೆಂಡತಿ.

ಆ ಶನಿವಾರ ಮೇಷ್ಟ್ರಿಗೆ ವಾದಕ್ಕೆ ಪುರುಸೊತ್ತಿರಲಿಲ್ಲ. ಸೋಮವಾರ ಬೆಳಿಗ್ಗೆ ಶಾಲೆಯಲ್ಲಿ ಪೋಷಕರ ಸಭೆ. ಅಷ್ಟರೊಳಗೆ ಏಳನೇ ತರಗತಿಯ ಮೂವತ್ತೆಂಟು ಮಕ್ಕಳ ಪ್ರಗತಿ ವರದಿ ಸಿದ್ಧವಾಗಬೇಕು. ಅದರ ಮೇಲೆ ಅವರ ತರಗತಿಯೇ ನಿಂತಿತ್ತು. ಕಳೆದ ಸಲ ಅವರ ವರದಿ ಓದಿ ಮೂವರು ತಾಯಂದಿರು ಅಳುತ್ತಾ ಮುಖ್ಯೋಪಾಧ್ಯಾಯಿನಿಯ ಕೋಣೆಗೆ ಹೋಗಿದ್ದರು. ಶಾಲೆಯಲ್ಲೆಲ್ಲ ದೊಡ್ಡ ಮೇಡಂ ಎಂದೇ ಹೆಸರಾದ ಆಕೆ ಮೇಷ್ಟ್ರನ್ನು ಕರೆಸಿ ಹೇಳಿದ್ದು ಇಷ್ಟು: “ನಿಮ್ಮ ವರದೀಲಿ ಇಲ್ಲ ಅನ್ನೋ ಪದ ಬಿಟ್ರೆ ಬೇರೇನೂ ಇಲ್ಲ. ಗಮನ ಇಲ್ಲ, ಶಿಸ್ತು ಇಲ್ಲ, ಬುದ್ಧಿ ಇಲ್ಲ. ಇನ್ನೊಂದು ಸಲ ಯಾರಾದ್ರೂ ಅತ್ಕೊಂಡು ನನ್ನ ಕೋಣೆಗೆ ಬಂದ್ರೆ ಏಳನೇ ತರಗತೀನ ಆಟದ ಮೇಷ್ಟ್ರಿಗೆ ಕೊಟ್ಬಿಡ್ತೀನಿ.”

ಏಳನೇ ತರಗತಿ ಎಂದರೆ ಮೇಷ್ಟ್ರಿಗೆ ಪ್ರಾಣ. ಆದರೆ ಸುಳ್ಳು ಬರೆಯಲು ಮನಸ್ಸು ಒಪ್ಪದು. ಹೇಗೆ ಬರೆಯುವುದೆಂದು ಯೋಚಿಸುತ್ತಾ ಲ್ಯಾಪ್‌ಟಾಪಿನ ಮೇಲೆ ಬಿದ್ದಿದ್ದ ಬಿಸ್ಕತ್ತಿನ ಪುಡಿಯನ್ನು ಉಗುರಿನಿಂದ ಕೆದಕಿದರು. ಪುಡಿಯ ಜೊತೆಗೆ ಎಫ್ ಕೀ ಕೂಡ ಎದ್ದು ಬಂತು.

ಬೇರೆ ಯಾವ ಕೀ ಹೋಗಿದ್ದರೂ ಬದುಕಬಹುದಿತ್ತು. ಮೇಷ್ಟ್ರ ಕನ್ನಡ ಕೀಲಿಮಣೆಯಲ್ಲಿ ಒಂದಕ್ಷರಕ್ಕೆ ಇನ್ನೊಂದರ ಒತ್ತು ಕೊಡಬೇಕಾದರೆ ನಡುವೆ ಎಫ್ ಒತ್ತಬೇಕು. ಎಫ್ ಹೋಯಿತೆಂದರೆ ಒತ್ತಕ್ಷರಗಳೆಲ್ಲ ಒಟ್ಟಿಗೆ ಹೋದಂತೆ. ಕೀ ಕಿತ್ತ ಗುಂಡಿಯಲ್ಲಿ ಪೆನ್ನಿನ ತುದಿ ಇಟ್ಟು ಒತ್ತಿದರು, ಬೆಂಕಿಕಡ್ಡಿಯಿಂದ ಒತ್ತಿದರು. ಅಕ್ಕ ಎಂದು ಹೊಡೆದರೆ ಅಕಕ ಎಂದು ಬಂತು. ಅಪ್ಪನೂ ಅಪಪ ಆದ.

ರಿಪೇರಿ ಅಂಗಡಿಯವನು ಲ್ಯಾಪ್‌ಟಾಪನ್ನು ಮಗುಚಿ ನೋಡಿ, ಕೈಗೆತ್ತಿಕೊಂಡಿದ್ದ ಸ್ಕ್ರೂಡ್ರೈವರನ್ನು ಕೆಳಗಿಟ್ಟ.

“ಒಂದು ಕೀ ಹಾಕೋಕಾಗಲ್ಲ ಸಾರ್. ಇಡೀ ಕೀಬೋರ್ಡೇ ಹಾಕಬೇಕು. ಕೀಬೋರ್ಡು ಮೇಲಿನ ಪ್ಲೇಟಿಗೆ ಅಂಟಿದೆ. ಪ್ಲೇಟಿಗೆ ಬ್ಯಾಟರಿ ಅಂಟಿದೆ.”

“ಬ್ಯಾಟರಿ ಯಾವುದಕ್ಕೆ ಅಂಟಿದೆಯಪ್ಪ?”

“ಗ್ರಾಹಕರಿಗೆ ಸಾರ್. ಹತ್ತು ದಿನ ಆಗುತ್ತೆ.”

“ಹಿಂದೆ ಇದರಲ್ಲಿ ಸ್ಕ್ರೂ ಇರ್ತಿತ್ತಲ್ಲ?”

“ಹಿಂದೆ ಇತ್ತು.”

ಮೇಷ್ಟ್ರು ಅತ್ತ ಇತ್ತ ನೋಡಿ, ಯಾರಿಗೂ ಕೇಳಿಸದಂತೆ ದನಿ ತಗ್ಗಿಸಿದರು. “ಬೇರೆ ಕಂಪನೀದು ತಗೊಂಡ್ರೆ ಹೇಗೆ?”

“ತಗೊಳ್ಳಿ ಸಾರ್. ಯಾವ ಕಂಪನೀದಾದ್ರೂ ಕೊನೆಗೆ ನನ್ನ ಹತ್ರಾನೇ ಬರುತ್ತೆ.”

ಹೊರಗಿನ ಕೀಬೋರ್ಡು ಸಿಕ್ಕಿಸೋಣವೆಂದರೆ ಈ ಮಾದರಿಯಲ್ಲಿ ಅದಕ್ಕೆ ತೂತೇ ಇರಲಿಲ್ಲ. ತೂತುಗಳನ್ನು ಮುಚ್ಚಿದ್ದೇ ಹೊಸ ಸೌಲಭ್ಯವೆಂದು ಡಬ್ಬದ ಮೇಲೆ ಅಚ್ಚಾಗಿತ್ತು.

ಮನೆಗೆ ಮರಳಿದಾಗ “ನನ್ನದು ತಗೊಳ್ರೀ” ಎಂದಳು ಹೆಂಡತಿ. ಅವಳದು ಬೇರೆ ಕಂಪನಿಯದು.

“ನಿನ್ನದರ ಪರದೆ ನಿಲ್ಲಬೇಕಾದ್ರೆ ಹಿಂದೆ ನಿಘಂಟು ಆನಿಸಬೇಕು.”

“ನಿಘಂಟಾದ್ರೂ ಇದೆ. ನಿಮಗೀಗ ಅಕ್ಷರಾನೇ ಇಲ್ಲ.”

ಈ ಮಾತು ನಾಟಿತು. ಶತ್ರುಪಾಳಯದ ಸಹಾಯ ಪಡೆಯುವುದಿಲ್ಲ, ಒತ್ತಕ್ಷರವೇ ಇಲ್ಲದ ಕನ್ನಡದಲ್ಲಿ ಮೂವತ್ತೆಂಟು ವರದಿಯನ್ನೂ ಬರೆದು ತೋರಿಸುತ್ತೇನೆ ಎಂದು ಮೇಷ್ಟ್ರು ಶಪಥ ಮಾಡಿದರು. ಮಕ್ಕಳ ಹೆಸರನ್ನು ಪೆನ್ನಿನಿಂದ ಬರೆದರಾಯಿತು. ಹಳೆಯ ಕಡತ ತೆರೆದು ತಿದ್ದುವುದು ಸೋಮಾರಿಗಳ ಕೆಲಸವೆಂಬುದು ಅವರ ಮತ. ಪ್ರತಿ ವರದಿಯನ್ನೂ ತಲೆಬರಹದಿಂದ ಹಿಡಿದು ಹೊಸದಾಗಿಯೇ ಟೈಪು ಮಾಡುವವರು ಅವರು.

ಕೂತ ಐದು ನಿಮಿಷಕ್ಕೇ ಅವರಿಗೆ ತಮ್ಮ ದಾರಿದ್ರ್ಯ ಅರಿವಾಯಿತು. ‘ಗಣಿತದಲ್ಲಿ’ ಎನ್ನುವಂತಿಲ್ಲ. ‘ಪಾಠವನ್ನು’ ಎನ್ನುವಂತಿಲ್ಲ. ‘ಓದುತ್ತಾನೆ’, ‘ಮತ್ತು’, ‘ಸ್ವಲ್ಪ’, ‘ಇನ್ನೂ’ ಎಲ್ಲವೂ ಕೈಬಿಟ್ಟವು. ಆದರೆ ನಿಜವಾದ ಏಟು ಬಿದ್ದದ್ದು ಕಿಟಕಿ ಪಕ್ಕ ಕೂರುವ ತುಂಟನ ವರದಿಗೆ ಬಂದಾಗ. ‘ಗಮನ’ ಎಂದು ಹೊಡೆದರು. ಮುಂದಿನ ಪದ ಹನ್ನೊಂದು ವರ್ಷದಿಂದ ಬೆರಳ ತುದಿಯಲ್ಲೇ ಇತ್ತು. ಹೊಡೆದರು. ‘ಇಲಲ’ ಎಂದು ಬಂತು.

ಮೇಷ್ಟ್ರು ಕುರ್ಚಿಗೆ ಒರಗಿದರು. ಇಲ್ಲ ಎನ್ನುವ ಪದವೇ ಇಲ್ಲ!

“ಕಾಫಿ ಬೇಕಾ?” ಎಂದು ಹೆಂಡತಿ ಇಣುಕಿದಳು.

“ಇಲ್ಲ ಅನ್ನೋದಕ್ಕೆ ಒತ್ತಿಲ್ಲದ ಪದ ಹೇಳು.”

“ನನಗೇನು ಗೊತ್ತು? ನಾನು ನಿಮಗೆ ಯಾವತ್ತಾದ್ರೂ ಇಲ್ಲ ಅಂದಿದೀನಾ?” ಎಂದು ಹೇಳಿ ಹೋದಳು.

ಬಹಳ ಹೊತ್ತು ಯೋಚಿಸಿದ ಮೇಲೆ ಮೇಷ್ಟ್ರು ಬರೆದರು: ‘ಕಿಟಕಿಯಾಚೆಯ ಮರ, ಮೋಡ, ಕಾಗೆಗಳ ಕಡೆಗೆ ಗಮನ ಬಹಳ.’ ಓದಿಕೊಂಡರು. ಸುಳ್ಳೇನೂ ಅಲ್ಲ. ತರಗತಿಯಲ್ಲಿ ಸದಾ ಹರಟುವ ಹುಡುಗಿಗೆ ‘ಪಾಠವ ಕೇಳುವಳು, ಗೆಳತಿಯರ ನಗಿಸುವಳು’ ಎಂದು ಬರೆದರು. ಆಮೇಲೆ ಬಸ್ ಚಾಲಕರ ಮಗಳ ಸರದಿ ಬಂತು. ಗಣಿತವೆಂದರೆ ಆ ಹುಡುಗಿ ನಡುಗುವಳು. ಪ್ರತಿ ಸಲ ಅವರು ಬರೆಯುತ್ತಿದ್ದದ್ದು ‘ಗಣಿತದಲ್ಲಿ ಏನೂ ಬರುವುದಿಲ್ಲ’ ಎಂದು. ಈಗ ಅವಳ ಉತ್ತರಪತ್ರಿಕೆಗಳನ್ನು ತೆಗೆದು, ಅವಳಿಗೆ ಏನು ಬರುತ್ತದೆ ಎಂದು ಮೊದಲ ಬಾರಿಗೆ ಹುಡುಕಬೇಕಾಯಿತು. ಹುಡುಕಿ ಬರೆದರು: ‘ಕೂಡುವುದು ಬರುವುದು. ಕಳೆಯುವುದು ಬರುವುದು. ಗುಣಾಕಾರ ಮೂರರವರೆಗೆ ಸರಾಗ. ಭಾಗಾಕಾರ ನಿಧಾನವಾಗಿ ಬರಲಿದೆ.’

ಭಾನುವಾರ ಮಧ್ಯಾಹ್ನಕ್ಕೆ ಮೂವತ್ತೆಂಟೂ ಮುಗಿದವು. ಪ್ರತಿ ಸಾಲಿನ ಕೆಳಗೆ ಅಳತೆಪಟ್ಟಿ ಇಟ್ಟುಕೊಂಡು ಎರಡೆರಡು ಸಲ ತಿದ್ದಿದರು. ತಲೆಬರಹವನ್ನು ಮಾತ್ರ ನೋಡಲಿಲ್ಲ. ಪ್ರಗತಿ ವರದಿ ಎಂಬ ಎರಡು ಪದವನ್ನು ಹನ್ನೊಂದು ವರ್ಷದಿಂದ ಹೊಡೆದ ಬೆರಳುಗಳಿಗೆ ಪರೀಕ್ಷಕರು ಬೇಕೆ?

ಸೋಮವಾರ ಹತ್ತೂವರೆಗೆ ಜವಾನ ಬಂದು “ದೊಡ್ಡ ಮೇಡಂ ಕರೀತಿದಾರೆ. ಯಾರೋ ಅಳ್ತಾ ಕೂತಿದಾರೆ” ಎಂದಾಗ ಮೇಷ್ಟ್ರ ಕಣ್ಣ ಮುಂದೆ ಆಟದ ಮೇಷ್ಟ್ರು ಸೀಟಿ ಊದುತ್ತಾ ಏಳನೇ ತರಗತಿಗೆ ನುಗ್ಗಿದಂತಾಯಿತು.

ಕೋಣೆಯಲ್ಲಿ ಇಬ್ಬರಿದ್ದರು. ಒಬ್ಬರು ಬಸ್ ಚಾಲಕರು, ಕರವಸ್ತ್ರದಿಂದ ಮೂಗು ಒರೆಸಿಕೊಳ್ಳುತ್ತಿದ್ದರು. ಇನ್ನೊಬ್ಬರು ಕಿಟಕಿ ಪಕ್ಕದ ತುಂಟನ ಅಜ್ಜಿ. ಅಳುತ್ತಿರಲಿಲ್ಲ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ವರದಿಯನ್ನು ಮೇಷ್ಟ್ರ ಮುಖಕ್ಕೆ ಹಿಡಿದರು.

“ಓದಿ ಮೇಷ್ಟ್ರೇ. ಮೇಲಿನದು. ಜೋರಾಗಿ.”

ಮೇಷ್ಟ್ರು ಓದಿದರು. ದೊಡ್ಡ ಅಕ್ಷರಗಳಲ್ಲಿ, ನಟ್ಟನಡುವೆ, ‘ಪರಗತಿ ವರದಿ’ ಎಂದಿತ್ತು.

“ನನ್ನ ಮೊಮ್ಮಗ ಹೊರಗೆ ಚೆಂಡಾಡ್ತಿದಾನೆ” ಎಂದರು ಅಜ್ಜಿ. “ನೀವು ನೋಡಿದ್ರೆ ಅವನನ್ನ ಪರಲೋಕಕ್ಕೆ ಕಳಿಸಿ ವರದಿ ಬರೆದಿದೀರಾ. ಪರಗತಿ ನನಗೆ ಬರಬೇಕಾದ್ದು ಕಣ್ರೀ. ನನಗೇ ಇನ್ನೂ ಪುರುಸೊತ್ತಾಗಿಲ್ಲ.”

ಮೂವತ್ತೆಂಟು ಮಕ್ಕಳನ್ನೂ ಒಂದೇ ವಾರಾಂತ್ಯದಲ್ಲಿ ಸಾಗಹಾಕಿದ್ದೇನೆಂದು ಮೇಷ್ಟ್ರಿಗೆ ಆಗ ಹೊಳೆಯಿತು. ತೊದಲುತ್ತಾ ಎಫ್ ಕೀಯ ಕಥೆಯನ್ನು ಬಿಸ್ಕತ್ತಿನಿಂದ ಹಿಡಿದು ಅಂಟಿನವರೆಗೆ ಹೇಳಿದರು. ಅಜ್ಜಿ ಪೂರ್ತಿ ಕೇಳಿ, ವರದಿಯನ್ನು ಮತ್ತೆ ಬಿಡಿಸಿಕೊಂಡು, “ಕೆಳಗಿನದು ಮಾತ್ರ ಸರಿಯಾಗಿದೆ. ಅವನ ತಾತನೂ ಹಾಗೇ ಕಾಗೆ ನೋಡ್ತಾನೇ ಕೂತಿರ್ತಿದ್ರು” ಎಂದು ಮಡಿಚಿ ಚೀಲಕ್ಕೆ ಹಾಕಿಕೊಂಡರು.

“ಇವರು?” ಎಂದು ಮೇಷ್ಟ್ರು ಚಾಲಕರತ್ತ ಹೆದರುತ್ತಾ ನೋಡಿದರು.

ಚಾಲಕರು ಎದ್ದು ನಿಂತರು. “ಮೇಲಿನದು ನಾನು ನೋಡ್ಲೇ ಇಲ್ಲ ಸಾರ್. ಇಷ್ಟು ದಿನ ನನ್ನ ಮಗಳಿಗೆ ಏನು ಬರಲ್ಲ ಅಂತ ಬರೆದು ಕಳಿಸ್ತಿದ್ರಿ. ಏನು ಬರುತ್ತೆ ಅಂತ ಯಾರೂ ಹೇಳಿರಲಿಲ್ಲ. ಮೂರರವರೆಗೆ ಸರಾಗ ಅಂತ ಬರೆದಿದೀರಲ್ಲ, ಅದನ್ನ ಓದಿ ಗೇಟಲ್ಲೇ ನಿಂತು ನಾಲ್ಕರ ಮಗ್ಗಿ ಹೇಳಿದ್ಲು. ಎರಡು ಕಡೆ ತಪ್ಪಿತು.” ಅಷ್ಟು ಹೇಳಿ ಮತ್ತೆ ಕರವಸ್ತ್ರ ತೆಗೆದರು.

ಇಬ್ಬರೂ ಹೋದ ಮೇಲೆ ದೊಡ್ಡ ಮೇಡಂ ಮೇಷ್ಟ್ರ ಕಡೆ ತಿರುಗಿದರು.

“ತರಗತಿ ನಿಮ್ಮದೇ. ಆದ್ರೆ ಆ ಕೀ ರಿಪೇರಿ ಮಾಡಿಸಕೂಡದು.”

“ಮೇಡಂ, ತಲೆಬರಹ?”

“ತಲೆಬರಹ ನಾನು ಟೈಪು ಮಾಡ್ಕೊಡ್ತೀನಿ. ನೀವು ಮಕ್ಕಳ ಹಣೆಬರಹ ಬರೆಯೋದು ಬಿಟ್ರೆ ಸಾಕು.”

ಮೇಷ್ಟ್ರು ಸಂಜೆ ಮನೆಗೆ ಬಂದು ಎಲ್ಲವನ್ನೂ ಹೆಂಡತಿಗೆ ವರದಿ ಮಾಡಿದರು. ಅವಳು ನಗು ತಡೆಯಲಾರದೆ ಸಿಂಕಿನ ಅಂಚು ಹಿಡಿದುಕೊಂಡಳು.

“ಹಾಗಾದ್ರೆ ಹೊಸ ಕಂಪನಿ ಇಲ್ಲ?”

“ಹೆಂಗೆ ತಗೊಳ್ಳಲಿ? ಗಟ್ಟಿಯಾಗಿದ್ದಾಗ ಅದು ಮೆಟ್ಟಿಲು ಮುರೀತು. ಈಗ ಟೊಳ್ಳಾಗಿ ನನ್ನನ್ನೇ ತಿದ್ದಿದೆ.”

“ಹನ್ನೊಂದು ವರ್ಷದಿಂದ ನಾನೂ ತಿದ್ದೋಕೆ ನೋಡ್ತಿದೀನಿ. ಕೀ ಕೀಳಬೇಕಿತ್ತು ಅಂತ ಗೊತ್ತಿರಲಿಲ್ಲ” ಎಂದು ಅವಳು ಕಣ್ಣೊರೆಸಿಕೊಂಡು, ಸಿಂಕಿನಲ್ಲಿ ಬೆಳಗಿನಿಂದ ರಾಶಿ ಬಿದ್ದಿದ್ದ ಪಾತ್ರೆಗಳ ಕಡೆ ಕೈ ತೋರಿದಳು. “ಇವನ್ನ ತೊಳೀತೀರಾ?”

ಮೇಷ್ಟ್ರ ಬಾಯಿ ಹಳೆಯ ಉತ್ತರಕ್ಕೆಂದು ತೆರೆದುಕೊಂಡಿತು. ಮೊದಲಕ್ಷರ ಬಂತು. ಅದರಾಚೆ ಒತ್ತು ಬರಲಿಲ್ಲ.

“ತೊಳೆವೆನು” ಎಂದು ಅಂಗಿಯ ತೋಳು ಮಡಿಸಿದರು.