ಹಡಗಿನಲ್ಲಿ ಟೋಪಿ-ಟವೆಲ್ ಆಹೇರ

ಕಳೆದ ದೀಪಾವಳಿ ಮುಗಿದ ಎರಡನೆಯ ಶುಕ್ರವಾರ ಬೆಳಗ್ಗೆ, ಮುಂಬೈ ಬಂದರಿನಲ್ಲಿ ವಿಹಾರದ ಹಡಗು ಹತ್ತುವವರ ಸಾಮಾನು ತಪಾಸಣೆ ಮಾಡುವ ಯಂತ್ರದೊಳಗಿಂದ ನನ್ನ ಸೋದರಮಾವನ ಚೀಲ ಹೊರಬಂತು. ಅದರಲ್ಲಿ ಹನ್ನೊಂದು ತೆಂಗಿನಕಾಯಿ, ಇಪ್ಪತ್ತೈದು ಬಿಳಿ ಟೋಪಿ, ಇಪ್ಪತ್ತೈದು ಟವೆಲ್ ಮತ್ತು ಒಂದು ಕುಂಕುಮದ ಡಬ್ಬಿ ಇದ್ದವು. ಮಾವನ ಬಟ್ಟೆಬರೆ ಎಲ್ಲಿದ್ದವು ಎಂದು ಕೇಳುವಿರಾ? ಅವನ್ನು ಅತ್ತೆಯ ಚೀಲದಲ್ಲಿ ಹೇಗೋ ತುರುಕಲಾಗಿತ್ತು.

ನಮ್ಮ ಮಾವ ಜೀವಮಾನದಲ್ಲಿ ಯಾವ ವೇಟರಿಗೂ ಒಂದು ಪೈಸೆ ಟಿಪ್ಸ್ ಕೊಟ್ಟವರಲ್ಲ. ಆದರೆ ಅವರನ್ನು ಜಿಪುಣ ಎಂದು ಕರೆಯುವ ಧೈರ್ಯ ಕೊಲ್ಹಾಪುರ ಜಿಲ್ಲೆಯಲ್ಲಿ ಯಾರಿಗೂ ಇಲ್ಲ. ಹಾಗೆ ಕರೆಯಬೇಕಾದ ವೇಟರುಗಳ ತಲೆಯ ಮೇಲೆಲ್ಲ ಮಾವನೇ ತೊಡಿಸಿದ ಟೋಪಿಗಳಿವೆ!

ನಮ್ಮ ಕಡೆಯ ಮದುವೆ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಕ್ಷತೆ ಬಿದ್ದ ಮೇಲೆ ಬೀಗರನ್ನೂ ಊರ ಹಿರಿಯರನ್ನೂ ಒಬ್ಬೊಬ್ಬರನ್ನಾಗಿ ಕರೆದು ಕೂಡಿಸುತ್ತಾರೆ. ಹಣೆಗೆ ಕುಂಕುಮ, ತಲೆಗೆ ಟೋಪಿ, ಹೆಗಲಿಗೆ ಟವೆಲ್, ಕೈಗೆ ತೆಂಗಿನಕಾಯಿ. ಇದಕ್ಕೆ ಆಹೇರ ಎನ್ನುತ್ತೇವೆ. ಟೋಪಿ-ಟವೆಲ್ಲಿಗಿಂತ ದೊಡ್ಡದು ಮೈಕು. ಯಾರಿಗೆ ಆಹೇರವಾಯಿತೋ ಅವರ ಹೆಸರು ಊರಿನ ಹೆಸರಿನೊಂದಿಗೆ ಮೈಕಿನಲ್ಲಿ ಬರಬೇಕು. ಬರದಿದ್ದರೆ ಆಹೇರವೇ ಆಗಿಲ್ಲ. ಹೆಸರು ತಪ್ಪಿದ್ದಕ್ಕೆ ಊಟ ಬಿಟ್ಟು ಎದ್ದುಹೋದ ಬೀಗರನ್ನು ನಾನೇ ಕಂಡಿದ್ದೇನೆ.

ಇದು ಮದುವೆಯ ಪದ್ಧತಿ. ಮಾವ ಇದನ್ನು ಹೋಟೆಲಿಗೂ, ಕ್ಷೌರದಂಗಡಿಗೂ, ಎಸ್‌ಟಿ ಬಸ್ಸಿಗೂ ತಂದವರು. ಇಚಲಕರಂಜಿಯಲ್ಲಿ ಅವರದು ಎಂಟು ಮಗ್ಗದ ಕಾರಖಾನೆ, ಟವೆಲ್ಲಿಗೆ ಬರವಿಲ್ಲ. ಕೊಲ್ಹಾಪುರದಲ್ಲಿ ಮಿಸಳ ಎಂಬ ಖಾರದ ತಿಂಡಿಯ ಹೋಟೆಲೊಂದರಲ್ಲಿ ಅವರು ವೇಟರಿಗೆ ಆಹೇರ ಮಾಡಿದ ದಿನ ನಾನು ಜೊತೆಗಿದ್ದೆ. ವೇಟರು ಎರಡೂ ಕೈಯಲ್ಲಿ ರಸದ ಬಟ್ಟಲು ಹಿಡಿದು ನಿಂತಿದ್ದ. ಮಾವ ಅವನ ತಲೆಗೆ ಟೋಪಿ ತೊಡಿಸಿ, ಹೆಸರನ್ನು ತಾವೇ ಗಟ್ಟಿಯಾಗಿ ಕೂಗಿದರು. ಅಡುಗೆಯವನು ಹೊರಬಂದ. ಅವನಿಗೂ ಆಯಿತು. ಆಮೇಲೆ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಮಾಲೀಕ ಮುಖ ಸಿಂಡರಿಸಿದ.

"ನಮಗೇನೂ ಇಲ್ಲೇನ್ರಿ?"

"ನೀವು ಏನ್ ಕೆಲಸ ಮಾಡೀರಿ?" ಎಂದು ಮಾವ ಪ್ರಾಮಾಣಿಕವಾಗಿ ಕೇಳಿದರು. ಆ ಹೋಟೆಲಿಗೆ ನಾವು ಮತ್ತೆ ಹೋಗಿಲ್ಲ.

ಇನ್ನೊಂದು ತೊಡಕು ಇದೆ. ಆಹೇರ ತೆಗೆದುಕೊಂಡವರು ಎಂದಾದರೂ ಪರತ ಆಹೇರ, ಅಂದರೆ ಮರಳಿ ಆಹೇರ, ಮಾಡಬೇಕು. ಹೀಗಾಗಿ ಇಚಲಕರಂಜಿಯ ಕ್ಷೌರಿಕರು, ಗಡಹಿಂಗ್ಲಜದ ಕಂಡಕ್ಟರುಗಳು, ಜಯಸಿಂಗಪುರದ ಹಮಾಲರು ತಮ್ಮ ತಮ್ಮ ಮನೆಯ ಮದುವೆಗಳಲ್ಲಿ ಮಾವನನ್ನು ಕರೆಸಿ ಟೋಪಿ ತೊಡಿಸುತ್ತಾರೆ. ಅತ್ತೆಯ ಸೀರೆಯ ಕಪಾಟಿನಲ್ಲಿ ಈಗ ಸೀರೆಗಳಿಲ್ಲ.

ಹಡಗಿನ ಟಿಕೆಟ್ ತೆಗೆದವಳು ಮಾವನ ಮಗಳು. ಮುಂಬೈಯಿಂದ ಹೊರಟು ಮುಂಬೈಗೇ ಮರಳುವ ಮೂರು ದಿನದ ಸಮುದ್ರ ವಿಹಾರ. ನನಗೆ ಫೋನು ಮಾಡಿ, "ನೀ ಪೇಪರಿನ್ಯಾಗ ಇರಾಂವ, ಶಾಣ್ಯಾ ಇದ್ದಿ. ಅಪ್ಪನ ಸಂಗಾಟ ಹೋಗು. ಹಡಗಿನ್ಯಾಗ ಟಿಪ್ಸ್ ಹೆಂಗ ಕೊಡಬೇಕು ಅನ್ನೂದು ತಿಳಿಸಿ ಹೇಳು" ಎಂದಳು. ನಾನು ಕೊಲ್ಹಾಪುರದಲ್ಲಿ ಒಂದು ಕನ್ನಡ ಪತ್ರಿಕೆಯ ವರದಿಗಾರ. ಒಮ್ಮೆ ಪುರವಣಿಗೆ ಇದೇ ವಿಷಯದ ಲೇಖನವೊಂದನ್ನು ತಿದ್ದಿಯೂ ಇದ್ದೆ. ರೈಲಿನಲ್ಲಿ ಮಾವನಿಗೆ ಅದನ್ನೆಲ್ಲ ಕ್ರಮವಾಗಿ ಹೇಳಿದೆ. ಸೇವಾ ಶುಲ್ಕವನ್ನು ಹಡಗಿನವರೇ ಬಿಲ್ಲಿಗೆ ಸೇರಿಸುತ್ತಾರೆ. ಅದರ ಮೇಲೆ ಕೊಡುವ ಮನಸ್ಸಿದ್ದರೆ ಕೊನೆಯ ದಿನ, ಲಕೋಟೆಯಲ್ಲಿಟ್ಟು, ಯಾರಿಗೂ ಕಾಣದಂತೆ ಕೊಡಬೇಕು.

ಮಾವ ಕೇಳಿಸಿಕೊಂಡರು. ಮಿರಜ ದಾಟಿದ ಮೇಲೆ ಬಾಯಿಬಿಟ್ಟರು.

"ನನ್ನ ಆಹೇರ ಅವರ್ಯಾಕ ಬಿಲ್ಲಿನ್ಯಾಗ ಹಾಕ್ತಾರ?"

"ಅದು ಪದ್ಧತಿ, ಮಾಮಾ."

"ಕಡೀ ದಿನ ಯಾಕ? ಕೆಲಸ ಆದ್ ಮ್ಯಾಲ ಕೊಟ್ರ ಅದು ಪಗಾರ. ಮೊದಲ ಕೊಟ್ರ ಮಾನ. ಮತ್ತ ಕಾಣದಂಗ ಕೊಡಾಕ ಅದೇನ ಲಂಚ ಏನೋ? ನೋಡು ಅಳಿಯಾ, ಮೂರು ದಿವಸದಾಗ ನಮಗ ಅನ್ನಾ ಹಾಕಿದವ್ರ ಒಬ್ಬೊಬ್ಬರ ಹೆಸರೂ ಮೈಕಿನ್ಯಾಗ ಬರಬೇಕು. ಒಂದ್ ಹೆಸರು ಬಿಟ್ರೂ ನಾ ಹಡಗು ಇಳ್ಯಾಂಗಿಲ್ಲ."

"ಇಳೀಲಿಲ್ಲ ಅಂದ್ರ ಅಲ್ಲೇ ಇರ್ರಿ. ಕಪಾಟರ ಖಾಲಿ ಆಗ್ತೈತಿ" ಎಂದರು ಅತ್ತೆ.

ಇನ್ನು ಬಂದರಿನ ಯಂತ್ರದ ಬಳಿಗೆ ಬರೋಣ. ಭದ್ರತೆಯ ಅಧಿಕಾರಿ ಸಾತಾರಾ ಕಡೆಯವನು. ಚೀಲ ತೆರೆಸಿ, ಇದೇನು ಎಂದು ಮರಾಠಿಯಲ್ಲಿ ಕೇಳಿದ: "ಕಾಕಾ, ಹೇ ಕಾಯ್?"

"ನಾರಳ್." ತೆಂಗಿನಕಾಯಿ ಎಂದರು ಮಾವ.

"ಕಶಾಲಾ?" ಯಾತಕ್ಕೆ ಎಂದ ಅವನು.

"ಆಹೇರಾಲಾ!"

ಹೊರಗಿನ ತಿನ್ನುವ ಪದಾರ್ಥ ಹಡಗಿಗೆ ಒಯ್ಯುವಂತಿಲ್ಲ, ಕಾಯಿಗಳನ್ನು ಇಲ್ಲೇ ಬಿಡಬೇಕು ಎಂದ. ಮಾವ ವಾದಿಸಲಿಲ್ಲ. ಅವನನ್ನು ಅವನದೇ ಕುರ್ಚಿಯಲ್ಲಿ ಕೂಡಿಸಿ ಕುಂಕುಮ ಹಚ್ಚಿ ಟೋಪಿ ತೊಡಿಸಿ ಮೊದಲ ಕಾಯಿ ಕೊಟ್ಟರು. ಹಿಂದಿದ್ದ ಸರದಿ ಚಪ್ಪಾಳೆ ತಟ್ಟಿತು. ಉಳಿದ ಹತ್ತು ಕಾಯಿಗಳು ಹಮಾಲರಿಗೂ ಕಸ ಗುಡಿಸುವವರಿಗೂ ಹೋದವು. ಹಡಗು ಹತ್ತುವ ಮೊದಲೇ ಹನ್ನೊಂದು ಆಹೇರ ಮುಗಿದಿದ್ದವು, ಹಡಗಿನವರದು ಒಂದೂ ಆಗಿರಲಿಲ್ಲ!

ನಮ್ಮ ಕೋಣೆಗಳನ್ನು ನೋಡಿಕೊಳ್ಳುವವನು ದಾರ್ಜಿಲಿಂಗ್ ಕಡೆಯ ನಲವತ್ತರ ಗೃಹಸ್ಥ. ಮಾವ ಎಲ್ಲ ಅಪರಿಚಿತರನ್ನೂ ಕೊಲ್ಹಾಪುರದ ರೀತಿಯಲ್ಲಿ 'ಪಾವ್ಣಾ' ಎನ್ನುತ್ತಾರೆ, ನೆಂಟ ಎಂಬರ್ಥದಲ್ಲಿ.

"ಬೈಠೋ, ಪಾವ್ಣಾ" ಎಂದು ಕುರ್ಚಿ ತೋರಿಸಿದರು. ಅವನು ಬೆದರಿದ.

"ಸರ್, ಕುಛ್ ಗಲತೀ ಹುಯೀ ಕ್ಯಾ?"

ಗಲತಿ ಏನೂ ಇಲ್ಲವೆಂದು ನಾನು ಭರವಸೆ ಕೊಡುವಷ್ಟರಲ್ಲಿ ಟೋಪಿ ತಲೆಗೇರಿತ್ತು, ಟವೆಲ್ ಹೆಗಲಿಗೆ. ಸಂಜೆ ನಾವು ತಿರುಗಾಡಿ ಬಂದಾಗ ಮಾವನ ಹಾಸಿಗೆಯ ಮೇಲೆ ಒಂದು ಹಂಸ ಕುಳಿತಿತ್ತು. ಹಡಗಿನ ಬಿಳಿ ಟವೆಲ್ಲನ್ನು ಮಡಿಚಿ ಮಾಡಿದ ಹಂಸ. ಹೀಗೆ ಟವೆಲ್ಲಿನಲ್ಲಿ ಪ್ರಾಣಿಗಳನ್ನು ಮಾಡಿಡುವುದು ಹಡಗಿನವರ ವಾಡಿಕೆ, ಎಲ್ಲ ಕೋಣೆಗಳಲ್ಲೂ ಇಡುತ್ತಾರೆ. ಮಾವನಿಗೆ ಅದು ತಿಳಿಯದು.

"ನೋಡ್ರಿ ಇಲ್ಲಿ! ಪರತ ಆಹೇರ! ಸಂಜೀಕೇ!" ಎಂದು ಕೂಗಿದರು. "ಎಂಥಾ ಮನೆತನಸ್ಥ ಮನಷ್ಯಾ!"

ಪರತ ಬಂದಮೇಲೆ ಸುಮ್ಮನಿರಲಾದೀತೆ? ಮರುದಿನ ಬೆಳಗ್ಗೆ ಮಾವ ಅವನಿಗೆ ಎರಡು ಟವೆಲ್ ಹೊದಿಸಿದರು. ಮಧ್ಯಾಹ್ನ ಹಾಸಿಗೆಯ ಮೇಲೆ ಆನೆ ಬಂತು. ಮಾವ ನಾಲ್ಕು ಟವೆಲ್ಲಿಗೆ ಏರಿದರು. ಮಂಗ ಬಂತು, ಅದೂ ಪರದೆಯ ಸರಳಿಗೆ ಜೋತುಬಿದ್ದ ಮಂಗ! ಆಹೇರವನ್ನು ಬಿಚ್ಚಬಾರದು ಎಂದು ಮಾವ ಕಟ್ಟಪ್ಪಣೆ ಮಾಡಿದ್ದರಿಂದ ಕೋಣೆಯಲ್ಲಿ ಮೈ ಒರೆಸಿಕೊಳ್ಳಲು ಟವೆಲ್ ಉಳಿಯಲಿಲ್ಲ. ಅತ್ತೆ ಸ್ನಾನ ಮಾಡಿ ಸೀರೆಯ ಸೆರಗಿನಿಂದ ತಲೆ ಒರೆಸಿಕೊಳ್ಳುತ್ತ ಆ ಪ್ರಾಣಿಸಂಗ್ರಹಾಲಯವನ್ನು ನೋಡಿದರು.

"ನಾಳೆ ಹುಲಿ ಬಂದ್ರ ಎಲ್ಲಿ ಮಲಗೂದ್ರಿ?"

ಅದೇ ದಿನ ಮಧ್ಯಾಹ್ನ ಮೇಲಿನ ಅಂಗಳದಲ್ಲಿ, ಈಜುಕೊಳದ ಪಕ್ಕ, ಪ್ರಯಾಣಿಕರು ಹಾಡು ಹೇಳುವ ಕಾರ್ಯಕ್ರಮವಿತ್ತು. ಅಲ್ಲಿ ಮೈಕು ಇತ್ತು. ಮಾವ ಹೆಸರು ಬರೆಸಿ ಸರದಿಯಲ್ಲಿ ನಿಂತರು. ಸರದಿ ಬಂದಾಗ ಊಟದ ಮನೆಯ ವೇಟರನನ್ನು ಮುಂದೆ ನಿಲ್ಲಿಸಿಕೊಂಡರು. ಆತ ಮಿಜೋರಾಮಿನವನು. ಕಾಯಿ ಇಲ್ಲವಲ್ಲ! ಪಾನೀಯದ ಕಟ್ಟೆಯಲ್ಲಿ ತೆಂಗಿನಕಾಯಿ ಕೇಳಿದ್ದಕ್ಕೆ ಅವರು ಎಳನೀರಿಗೆ ಕೊಳವೆ ಸಿಕ್ಕಿಸಿ, ಮೇಲೆ ಕಾಗದದ ಗುಲಾಬಿ ಛತ್ರಿ ನೆಟ್ಟು ಕೊಟ್ಟಿದ್ದರು. ಮಾವ ಛತ್ರಿಸಹಿತ ಅದನ್ನು ವೇಟರನ ಕೈಗಿಟ್ಟು ಮೈಕು ಹಿಡಿದರು. ಹೆಸರಾಯಿತು. ಮುಂದೆ ಊರು ಹೇಳಬೇಕು.

"ಮುಕ್ಕಾಮ್ ಪೋಸ್ಟ್?" ಮೈಕಿನಲ್ಲೇ ಕೇಳಿದರು. ವೇಟರ್ ಹಳ್ಳಿಯ ಹೆಸರು ಹೇಳಿದ.

"ತಾಲೂಕಾ?"

ಅವನು ಯೋಚಿಸಿದ. ತಾಲೂಕು ಎನ್ನುವುದು ತಮ್ಮಲ್ಲಿಲ್ಲ ಎಂದ.

"ತಾಲೂಕಾ ಇಲ್ಲಾ?" ಮಾವನ ದನಿ ಅರಬ್ಬೀ ಸಮುದ್ರದ ಮೇಲೆ ಮೊಳಗಿತು. "ಹಂಗಾರ ಹೊಲದ ಉತಾರಾ ಎಲ್ಲಿ ತಗಸ್ತೀರೋ?"

ಇದು ಹಡಗಿನವರೇ ಏರ್ಪಡಿಸಿದ ಮನರಂಜನೆ ಎಂದು ಪ್ರಯಾಣಿಕರು ತಿಳಿದರು. ಸೂರತ್ತಿನ ಮೂರು ಕುಟುಂಬಗಳು ತಮಗೂ ಟೋಪಿ ಬೇಕೆಂದು ಸಾಲು ನಿಂತವು. ಮರುದಿನ ಬೆಳಗ್ಗೆ ಬಾಗಿಲ ಕೆಳಗಿಂದ ಬಂದ ಕಾರ್ಯಕ್ರಮ ಪಟ್ಟಿಯಲ್ಲಿ, ಯೋಗ ಮತ್ತು ನೃತ್ಯ ತರಬೇತಿಯ ನಡುವೆ, 'ಟೋಪಿ ಸಮಾರಂಭ, ಹನ್ನೊಂದು ಗಂಟೆಗೆ' ಎಂದು ಅಚ್ಚಾಗಿತ್ತು!

ಸಮಾರಂಭ ನಡೆಯಲಿಲ್ಲ. ಹತ್ತಕ್ಕೆ ಕೋಣೆಗಳ ಮೇಲ್ವಿಚಾರಕಿ ಬಂದರು. ಕಾರವಾರದವರು, ಐವತ್ತರ ಹೆಂಗಸು. ಮುಖದಲ್ಲಿ ನಗುವೂ ಇತ್ತು, ಕೈಯಲ್ಲಿ ಕಾಗದವೂ ಇತ್ತು.

"ಅಂಕಲ್, ನೀವು ಪ್ರೀತಿಯಿಂದ ಮಾಡ್ತೀರಿ, ನನಗೆ ಗೊತ್ತು. ಆದ್ರೆ ನಮ್ಮವರು ಸಮವಸ್ತ್ರದ ಮೇಲೆ ಬೇರೇನೂ ಹಾಕಬಾರದು. ವಸ್ತು ತಗೊಳ್ಳೋ ಹಾಗೂ ಇಲ್ಲ. ನಿಮ್ಮ ಕೋಣೆಯವ ನಿನ್ನೆ ಟೋಪಿ ಹಾಕಿಕೊಂಡೇ ಕೆಲಸ ಮಾಡಿದ. ತೆಗೆದ್ರೆ ನಿಮಗೆ ಬೇಜಾರಾಗ್ತದೆ ಅಂದ. ಇನ್ನೊಮ್ಮೆ ಆದ್ರೆ ಅವನ ಮೇಲೆ ನಾನು ವರದಿ ಬರೀಬೇಕಾಗ್ತದೆ."

ಮಾವ ಹಾಸಿಗೆಯ ಮೇಲೆ ಕುಳಿತರು, ಆನೆಯ ಪಕ್ಕದಲ್ಲಿ.

"ನಮ್ಮಿಂದ ಪಾವ್ಣ್ಯಾನ ನೌಕರಿಗೆ ಧಕ್ಕೆ ಬರಾಕತ್ತೈತೇನ್ರಿ ಬಾಯಾರ?" ಎಂದರು. ಅವರ ದನಿ ಅಷ್ಟು ಇಳಿದದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಮತ್ತ ಹೆಸರು? ಹೆಸರರ ಕರೀಬೇಕಲ್ಲಾ?"

ಮೇಲ್ವಿಚಾರಕಿ ಕಾಗದವನ್ನು ಮುಂದೆ ಹಿಡಿದರು. ಅದು ಅಭಿಪ್ರಾಯದ ಚೀಟಿ. ಪ್ರಯಾಣಿಕರು ಅದರಲ್ಲಿ ಯಾರ ಹೆಸರು ಬರೆಯುತ್ತಾರೋ ಅವರನ್ನು ಸಿಬ್ಬಂದಿಯ ಸಭೆಯಲ್ಲಿ ಮೈಕಿನಲ್ಲಿ ಕರೆಯುತ್ತಾರಂತೆ. "ಟಿಪ್ಸ್ ಖರ್ಚಾಗಿ ಹೋಗ್ತದೆ ಅಂಕಲ್. ಈ ಚೀಟಿ ಇದ್ರೆ ಮುಂದಿನ ಸಲ ಕೆಲಸಕ್ಕೆ ಮತ್ತೆ ಕರೀತಾರೆ."

"ಮೈಕಿನ್ಯಾಗ?" ಮಾವ ಎದ್ದರು. "ಎಷ್ಟು ಚೀಟಿ ಅದಾವು?"

ಮರುದಿನ ಬೆಳಗ್ಗೆ ಹಡಗು ಮುಂಬೈ ಮುಟ್ಟುತ್ತಿತ್ತು. ಉಳಿದದ್ದು ಒಂದು ಹಗಲು. ಮಾವ ಚೀಟಿಗಳ ಕಟ್ಟು ಹಿಡಿದು ಹೊರಟರು. ವೇಟರು, ಕೋಣೆಯವನು, ಇಸ್ತ್ರಿಯವಳು, ಈಜುಕೊಳದ ಕಾವಲಿನವನು, ಇಡ್ಲಿ ಬೇಯಿಸುವವನು. ಎಲ್ಲರಿಗೂ ಅದೇ ಪ್ರಶ್ನೆ: ಹೆಸರು, ಮುಕ್ಕಾಮ್ ಪೋಸ್ಟ್, ತಾಲೂಕಾ, ಜಿಲ್ಹಾ. ಲಗ್ನಪತ್ರಿಕೆಯ ಅಕ್ಷರದಲ್ಲಿ, ಮರಾಠಿಯಲ್ಲಿ, 'ಶ್ರೀಮಾನ್' ಸೇರಿಸಿ ಬರೆದರು. ಮಧ್ಯಾಹ್ನದ ಹೊತ್ತಿಗೆ ಹದಿನೇಳು ಚೀಟಿಗಳಾದವು. ನಾನು ಮುಗಿಯಿತೆಂದು ಉಸಿರುಬಿಟ್ಟೆ. ಊಟ ಮಾಡಿದ ತಾಟನ್ನು ಮಾವ ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು.

"ಇದನ್ನ ಯಾರು ತೊಳೀತಾರ?"

ಯಾರಿಗೂ ಗೊತ್ತಿರಲಿಲ್ಲ. ವೇಟರ್ ಕೆಳಗೆ ಬೆರಳು ತೋರಿಸಿದ. ಮಾವ ಮೇಲ್ವಿಚಾರಕಿಯನ್ನು ಹುಡುಕಿಕೊಂಡು ವಿಚಾರಣೆಯ ಕಟ್ಟೆಗೆ ಹೋದರು. ಪಾತ್ರೆ ತೊಳೆಯುವವರು ಮೇಲೆ ಬರುವಂತಿಲ್ಲ, ಪ್ರಯಾಣಿಕರು ಕೆಳಗೆ ಇಳಿಯುವಂತಿಲ್ಲ ಎಂದು ಅವರು ಹೇಳಿದ್ದು ನನಗೆ ಕೇಳಿಸಿತು. ಮಾವ ಕದಲಲಿಲ್ಲ.

"ಹೆಸರಾ ಕೇಳ್ರಿ ಬಾಯಾರ. ಫೋನ್ ಹಚ್ರಿ."

ಒಂದು ತಾಸು ಅಲ್ಲೇ ನಿಂತರು. ಅವರ ಹಿಂದೆ ಸಾಲು ಬೆಳೆಯಿತು. ಸೂರತ್ತಿನವರು ಟೋಪಿ ಸಮಾರಂಭ ಎಲ್ಲಿ ಎಂದು ವಿಚಾರಿಸಿ ಹೋದರು.

ನಾನು ಅಂಗಳದಲ್ಲಿ ಅತ್ತೆಯ ಪಕ್ಕದ ಕುರ್ಚಿಗೆ ಬಂದು ಕುಳಿತೆ. "ಮಾಮಾ ಇಷ್ಟು ಹಟಾ ಯಾಕ ಹಿಡೀತಾರ, ಮಾಮಿ? ಕಾಣದ ಇದ್ದಾಂವನ ಹೆಸರು ತುಗೊಂಡು ಏನ ಮಾಡೂದು?"

ಅತ್ತೆ ನೀರಿನ ಕಡೆ ನೋಡುತ್ತಿದ್ದರು.

"ನಿಮ್ಮಜ್ಜಿ, ಇವರ ಅವ್ವ, ಗಡಹಿಂಗ್ಲಜದಾಗ ಲಗ್ನದ ಮನಿಗೆ ಪಾತ್ರೆ ತಿಕ್ಕಾಕ ಹೋಗ್ತಿದ್ರು. ಗೊತ್ತೇನ್ ನಿನಗ?"

"ಇಲ್ಲ."

"ನಿಮ್ಮವ್ವ ಹೇಳಿರಾಕಿಲ್ಲ ಬಿಡು. ನಿಮ್ಮಜ್ಜ ಸತ್ತ ಮ್ಯಾಲ, ಭಾಳ ವರ್ಷ. ಮುಂದ ಹಂದರದಾಗ ಮೈಕಿನ್ಯಾಗ ಹೆಸರು ಕರೀತಿದ್ರು, ನಿಮ್ಮಜ್ಜಿ ಹಿತ್ತಲದಾಗ ತಿಕ್ಕೋತ ಕೇಳೂದು. ಯಾವ ಲಗ್ನದಾಗ ಯಾರ್ಯಾರ ಹೆಸರು ಬಂದಿತ್ತು ಅನ್ನೂದು ಅವರಿಗೆ ಎಲ್ಲಾ ಬಾಯಿಪಾಠ ಇತ್ತು. ಹಾಸಿಗಿ ಹಿಡದಾಗ ಒಂದೊಂದ ಹೇಳಿ ನಗ್ತಿದ್ರು. ನಿಮ್ಮ ಮಾಮಾನ ಮುಂದ."

ಸಂಜೆಯ ಹೊತ್ತಿಗೆ ಹದಿನೆಂಟನೆಯ ಚೀಟಿ ಆಯಿತು. 'ಶ್ರೀಮಾನ್ ಬುಧುವಾ, ಪಾತ್ರೆ ತೊಳೆಯುವವರು, ಜಿಲ್ಹಾ ಸಿಮ್ಡೆಗಾ, ಝಾರಖಂಡ.' ಬೆಳಗ್ಗೆ ಮಾವ ಹಡಗು ಇಳಿದರು.

ಹನ್ನೆರಡು ದಿನಗಳ ನಂತರ ಮೇಲ್ವಿಚಾರಕಿಯ ಸಂದೇಶ ನನ್ನ ಫೋನಿಗೆ ಬಂತು. ಮಾವನಿಗೆ ಓದಿ ಹೇಳಿದೆ. ಸಿಬ್ಬಂದಿಯ ಸಭೆಯಲ್ಲಿ ಹದಿನೆಂಟೂ ಹೆಸರುಗಳನ್ನು ಮೈಕಿನಲ್ಲಿ ಓದಿದರು. ಬುಧುವಾನ ಹೆಸರು ಬಂದಾಗ ಆತ ಸಭೆಯಲ್ಲಿರಲಿಲ್ಲ, ಕೆಳಗೆ ಪಾತ್ರೆ ತೊಳೆಯುತ್ತಿದ್ದ. ಕರೆತಂದು ನಿಲ್ಲಿಸಿ, ಎರಡನೆಯ ಸಲ ಓದಿದರು.